ತಡೆಗೋಡೆಯೊಳಗೆ ಅಪ್ಪ

“ಲೇ ಬೋಳಿಮಗನೆ, ನೇರ ದಾರಿ ಬಿಟ್ಟು ಯಾಕೋ ಸುತ್ತು ಹಾಕ್ತೀಯ? ಅದೇನು ಹೊಸ ಹೆಂಡ್ತಿ ಹಾಸಿಗೆನಾ, ತುಳಿಯೋಕೆ ನಾಚಿಕೆ?”

ನೌಕಾನೆಲೆಯ ಸಾಹೇಬ ಬೈದದ್ದು ಡ್ರಿಲ್ ಹೊತ್ತವನಿಗೆ. ಯುದ್ಧದ ಹಡಗುಗಳನ್ನು ಅಲೆಗಳಿಂದ ಕಾಯುವ ಆ ತಡೆಗೋಡೆಯಲ್ಲಿ ಕೋಣೆಯಷ್ಟು ಅಗಲದ ಕಾಂಕ್ರೀಟ್ ದಿಮ್ಮಿಯೊಂದಿದೆ. ಕೂಲಿಗಳು ಅದನ್ನು ತುಳಿಯುವುದಿಲ್ಲ. ತಲೆಯ ಮೇಲೆ ಜಲ್ಲಿಬುಟ್ಟಿ ಇದ್ದರೂ ಅಂಚಿನ ಪಾಚಿಯ ಮೇಲೆ ಜಾರುತ್ತಾ ಬಳಸಿಯೇ ಹೋಗುತ್ತಾರೆ.

ಬಂದರನ್ನು ಒಬ್ಬರು ಅಗೆಸಿದರು, ಇನ್ನೊಬ್ಬರು ಬಾಂಬು ಹಾಕಿ ಕಸಿದುಕೊಂಡರು, ಮೊದಲಿನವರು ಮತ್ತೆ ಬಂದು ಎರಡೂ ಕಡೆಯವರ ಹೆಣಗಳನ್ನು ದಾಟಿ ಬಾವುಟ ಏರಿಸಿದರು. ಪ್ರತಿ ಸಲವೂ ಬೈಗುಳದ ಭಾಷೆ ಬದಲಾಯಿತು, ಬೈಸಿಕೊಳ್ಳುವ ಕೂಲಿಗಳು ಅವರೇ. ನಡುವಿನವರ ಕಾಲದಲ್ಲಿ ಈ ದಿಮ್ಮಿಯ ಅಚ್ಚಿನೊಳಗೆ ಒಬ್ಬ ಕೂಲಿ ಜಾರಿಬಿದ್ದ. ಹಡಗು ಬರುವ ಹೊತ್ತಾಗಿತ್ತು. ಕಾಂಕ್ರೀಟು ಸುರಿಯುವುದು ನಿಲ್ಲಲಿಲ್ಲ. ಅವನ ಮಗಳು ಈಗ ಇಲ್ಲೇ ಜಲ್ಲಿ ಹೊರುತ್ತಾಳೆ. ಅಪ್ಪನಿಗೆ ಇದೊಂದೇ ಗೋರಿ.

ಇವತ್ತು ಅದರ ಮೇಲೆ ಕಲ್ಲಿನ ಫಲಕ ಕೂರಬೇಕು. ನೌಕಾನೆಲೆಯ ಚರಿತ್ರೆ, ಕಟ್ಟಿಸಿದ ದಳಪತಿಗಳ ಹೆಸರು, ಚಿನ್ನದ ಬಣ್ಣದಲ್ಲಿ. ಬೋಲ್ಟು ಕೂರಿಸಲು ನಾಲ್ಕು ಮೂಲೆಗೂ ಸುಣ್ಣದ ಗುರುತು ಬಿದ್ದಿತ್ತು.

“ಸಾರ್, ಪಕ್ಕದ್ದಕ್ಕೆ ಹಾಕೋಣ,” ಮೇಸ್ತ್ರಿ ಕೈ ಹಿಸುಕಿಕೊಂಡ. “ಇದರೊಳಗೆ ಒಬ್ಬ ಇದಾನೆ.”

“ಯಾರ ಕಾಲದಲ್ಲಿ ಬಿದ್ದಿದ್ದು?”

“ಅವರ ಕಾಲದಲ್ಲಿ.”

“ಹಾಗಾದ್ರೆ ಹೋಗಿ ಅವರನ್ನೇ ಕೇಳು. ಫೋಟೋ ಇಲ್ಲೇ ಚೆನ್ನಾಗಿ ಬರೋದು.”

ಮಗಳು ಮುಂದೆ ಬಂದಳು. “ನಮ್ಮಪ್ಪ ಸಾರ್ ಅವನು.”

“ನಿಮ್ಮಪ್ಪ ಶತ್ರುಗಳಿಗೆ ಗೋಡೆ ಕಟ್ಟಿದೋನು. ಬಾಯಿ ಮುಚ್ಕೊಂಡಿರು.”

“ಶತ್ರು ಗೋಡೆ ಅಂದ್ಮೇಲೆ ನಿಮ್ಮ ಹಡಗು ಯಾಕೆ ಅದರ ಮರೆಗೆ ನಿಂತಿದೆ?”

ಕಪಾಳಕ್ಕೆ ಬಿದ್ದ ಏಟಿಗಿಂತ ಬುಟ್ಟಿ ಉರುಳಿದ ಸದ್ದೇ ಜೋರಾಗಿತ್ತು.

ಡ್ರಿಲ್ಲಿನವನು ಅವಳ ಸೋದರಮಾವ. ಯಂತ್ರವನ್ನು ಮೆಲ್ಲಗೆ ಕೆಳಗಿಟ್ಟ. “ನನ್ನ ಕೈಲಾಗಲ್ಲ. ನಮ್ಮ ಭಾವನ ಎದೆಗೆ ತೂತು ಕೊರೆಯೋ ಕೂಲಿಗೆ ಬಂದಿಲ್ಲ ನಾನು.”

ಸಾಹೇಬ ಒಬ್ಬ ನಾವಿಕನಿಗೆ ಕಣ್ಸನ್ನೆ ಮಾಡಿದ. ಬೂಟುಗಾಲಿನ ನಾವಿಕ ಡ್ರಿಲ್ ಎತ್ತಿಕೊಂಡು ದಿಮ್ಮಿ ಹತ್ತಿದ. ಮೊದಲ ಗುರುತಿಗೆ ಮೊನೆ ಇಡುವಷ್ಟರಲ್ಲಿ ಮಗಳು ಹತ್ತಿ ಬಂದಳು, ಹುಟ್ಟಿದಂದಿನಿಂದ ಮೊದಲ ಸಲ. “ಕಾಲು ತಾಗ್ತು ಅಂತ ಬೇಜಾರು ಮಾಡ್ಕೋಬೇಡಪ್ಪಾ,” ಎಂದು ಗುರುತಿನ ಮೇಲೆಯೇ ಕುಳಿತಳು.

ನಾವಿಕ ಎರಡನೆಯದಕ್ಕೆ ನಡೆದ. ಅಲ್ಲಿ ಮಾವ ಕುಳಿತ.

ಮೂರನೆಯದರ ಮೇಲೆ ಜಲ್ಲಿ ಹೊರುವ ಮುದುಕಿ ಕಾಲು ಚಾಚಿದ್ದಳು. “ಮಂಡಿ ಸತ್ತುಹೋಗಿದೆ ಕಣಪ್ಪಾ. ಜಾಗ ಸಿಕ್ಕಲ್ಲಿ ಕೂತೆ. ನೀನು ಕೊರ್ಕೋ.”

ಉಳಿದದ್ದು ನಾಲ್ಕನೆಯ ಮೂಲೆ. ಅದರ ಪಕ್ಕ, ಪಾಚಿಯ ಮೇಲೆ, ಮೇಸ್ತ್ರಿ ನಿಂತಿದ್ದ. ಅವಳಪ್ಪ ಬಿದ್ದ ದಿನ ಸಲಿಕೆ ಹಿಡಿದು ಅಚ್ಚಿನ ಪಕ್ಕ ನಿಂತಿದ್ದವನೂ ಅವನೇ.

“ಮೇಸ್ತ್ರಣ್ಣಾ,” ಎಂದಳು ಮಗಳು. ಅಷ್ಟೇ.

“ಮೇಸ್ತ್ರಿ, ಈ ಕಡೆ ಬಾರೋ,” ಎಂದ ಸಾಹೇಬ.

ಮೇಸ್ತ್ರಿ ಚಪ್ಪಲಿ ಕಳಚಿದ. ದಿಮ್ಮಿಯ ಮೇಲೆ ಕಾಲಿಡಲೂ ಆಗಲಿಲ್ಲ, ಮತ್ತೆ ಮೆಟ್ಟಿಕೊಳ್ಳಲೂ ಆಗಲಿಲ್ಲ. ನಾವಿಕ ಮೊನೆಯನ್ನು ನಾಲ್ಕನೆಯ ಗುರುತಿಗೆ ಊರಿ, ಡ್ರಿಲ್ ಚಾಲೂ ಮಾಡಿದ.