ನಾಲ್ಕನೆಯ ಪಟ್ಟಿ

ಹದಿನಾಲ್ಕು ತಿಂಗಳ ಮೇಲೆ ಮತ್ತೆ ನೀರಿಗಿಳಿಯುತ್ತೇನೆ ಎಂದು ಲೇಸಿ ಹೇಳಿದಾಗ ಅವಳ ಅಪ್ಪ ಹಾರ್ಲನ್ ಟಿಡ್‌ವೆಲ್‌ಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಕೈಯಲ್ಲಿದ್ದ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟು, "ಡಾಕ್ಟರು ಏನಂದ್ರು?" ಎಂದು ಕೇಳಿದ.

"ಮೂಳೆ ಕಲ್ಲಾಗಿದೆ ಅಂದ್ರು. ಹನ್ನೊಂದು ಸ್ಕ್ರೂ ಬಿಗಿದಿದಾರಲ್ಲ, ನಿನ್ನ ದೋಣಿಗಿಂತ ಗಟ್ಟಿ ಅಂತೆ." ಲೇಸಿ ನಕ್ಕಳು. "ನಾಳೆ ಬೆಳಿಗ್ಗೆ, ಗಾಳಿ ಏಳೋಕೆ ಮುಂಚೆ. ನನ್ನ ಹಳೇ ಸ್ಕೀನೇ ಬೇಕು ಡ್ಯಾಡಿ. ಅದಕ್ಕೇನೂ ಮಾಡ್ಬೇಡ. ರೆಕ್ಕೆ ಸರಿಸ್ಬೇಡ, ಬೂಟು ಮುಟ್ಬೇಡ. ಆವತ್ತು ಹೇಗಿತ್ತೋ ಹಾಗೇ ಇರ್ಲಿ. ಸ್ಕೀ ಸರಿಯಾಗೇ ಇತ್ತು, ತಪ್ಪು ನಂದು."

ಹಾರ್ಲನ್ ಲೋಟವನ್ನು ಮತ್ತೆ ಕೈಗೆತ್ತಿಕೊಂಡ. ತಪ್ಪು ಅವಳದಲ್ಲ, ತನ್ನದು. ಅದು ಗೊತ್ತಿದ್ದವನು ಭೂಮಿಯ ಮೇಲೆ ಅವನೊಬ್ಬನೇ.

ಫ್ಲಾರಿಡಾದ ಆ ಕೆರೆಗಳ ದಂಡೆಯಲ್ಲಿ ಬದುಕುವ ಒಂಟಿ ಸ್ಕೀಯ ಜನ ಒಂದು ಥರ ವಿಚಿತ್ರ ಕುಲ. ನೀರಿನ ಮೇಲೆ ಆರು ಚೆಂಡು ತೇಲುತ್ತವೆ, ಮೂರು ಬಲಕ್ಕೆ, ಮೂರು ಎಡಕ್ಕೆ. ದೋಣಿ ನಡುವೆ ನೇರ ಓಡುತ್ತದೆ. ಹಿಂದೆ ಹಗ್ಗ ಹಿಡಿದವರು ಸ್ಕೀ ಎಂಬ ಒಂದೇ ಹಲಗೆಯ ಮೇಲೆ ಅತ್ತಿಂದಿತ್ತ ಸೀಳಿಕೊಂಡು ಹೋಗಿ ಆರನ್ನೂ ಸುತ್ತಿ ಬರಬೇಕು. ಬಂದರೆ ಬಹುಮಾನವೇನು? ಹಗ್ಗವನ್ನು ಇನ್ನೊಂದು ಕುಣಿಕೆಯಷ್ಟು ಗಿಡ್ಡ ಮಾಡುತ್ತಾರೆ! ಗೆದ್ದವರಿಗೆ ಶಿಕ್ಷೆ ಕೊಡುವ ಆಟ ಇದೊಂದೇ ಇರಬೇಕು. ಪ್ರತಿ ಕುಣಿಕೆಗೂ ಒಂದೊಂದು ಬಣ್ಣ, ನೇರಳೆ ಬಣ್ಣದ ಕುಣಿಕೆಗೆ ಬರುವ ಹೊತ್ತಿಗೆ ಹಗ್ಗ ಚೆಂಡಿನವರೆಗೆ ಎಟುಕುವುದೇ ಇಲ್ಲ. ಉಳಿದ ದೂರವನ್ನು ಮೈ ಚಾಚಿಯೇ ತುಂಬಬೇಕು. ಬಿದ್ದರೆ ಮಾತ್ರ, ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ, ತಪ್ಪೆಲ್ಲ ರೆಕ್ಕೆಯದು. ಸ್ಕೀಯ ಬಾಲದಡಿಯ ಅಂಗೈಯಗಲದ ಆ ಲೋಹದ ರೆಕ್ಕೆಯನ್ನು ಕೂದಲೆಳೆಯಷ್ಟು ಹಿಂದೆ, ಕೂದಲೆಳೆಯಷ್ಟು ಮುಂದೆ ಸರಿಸುತ್ತ ಇಡೀ ಸಂಜೆ ಕಳೆಯುತ್ತಾರೆ. ಆಗ ಮನೆ ಹೊತ್ತಿ ಉರಿದರೂ ಅಳತೆ ಮುಗಿಸಿಯೇ ಏಳುವ ಜನ.

ಆದರೆ ಬೂಟಿನ ವಿಷಯ ಬೇರೆ. ಬೂಟು ಸ್ಕೀಗೆ ಅಂಟಿಕೊಂಡಿರುವುದು ಎರಡಕ್ಕೂ ಅಂಟಿಸಿದ, ಒತ್ತಿದರೆ ಒಂದನ್ನೊಂದು ಕಚ್ಚಿಕೊಳ್ಳುವ ಹಲ್ಲುಹಲ್ಲಿನ ಪಟ್ಟಿಗಳಿಂದ. ಬಿದ್ದಾಗ ಅವು ಪಟ್ಟನೆ ಬಿಟ್ಟುಕೊಂಡು ಕಾಲನ್ನು ಉಳಿಸಬೇಕು. ಕಡಿಮೆ ಪಟ್ಟಿ ಹಾಕಿದರೆ ಬೀಳದಿದ್ದರೂ ಕಳಚುತ್ತದೆ, ಹೆಚ್ಚು ಹಾಕಿದರೆ ಬಿದ್ದರೂ ಕಳಚುವುದಿಲ್ಲ. ಎಷ್ಟು ಸಾಕೆಂಬುದು ಆ ಕಾಲಿಗೇ ಗೊತ್ತು. ಅದಕ್ಕೇ ಅಲ್ಲಿಯವರು ಗಂಡ ಹೆಂಡತಿಯಾದರೂ ಸರಿ, ಅಪ್ಪ ಮಗಳಾದರೂ ಸರಿ, ಒಬ್ಬರ ಬೂಟಿಗೆ ಇನ್ನೊಬ್ಬರು ಕೈ ಹಾಕುವುದಿಲ್ಲ. ತೊಡುವವರೇ ಒತ್ತಿ ಕೂರಿಸಬೇಕು.

ಲೇಸಿಯದು ಮೂರು ಪಟ್ಟಿ. ಹದಿನಾಲ್ಕು ತಿಂಗಳ ಹಿಂದೆ, ದಕ್ಷಿಣ ಪ್ರಾಂತ್ಯದ ಪಂದ್ಯಕ್ಕೆ ಒಂದು ವಾರ ಮೊದಲು, ಬೇರೊಂದು ಪಂದ್ಯದಲ್ಲಿ, ಮೂರನೆಯ ಚೆಂಡಿನ ಹತ್ತಿರ ಅವಳ ಬೂಟು ತಾನಾಗಿಯೇ ಕಳಚಿಕೊಂಡಿತ್ತು. ಅವಳು ಬೀಳುವಂಥ ತಪ್ಪೇನೂ ಮಾಡಿರಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಟ್ರಕ್ಕಿನ ಕಿಟಕಿಗೆ ತಲೆಯಾನಿಸಿ ಇಪ್ಪತ್ತೇಳು ವರ್ಷದ ಹುಡುಗಿ ಮಗುವಿನ ಹಾಗೆ ಅತ್ತಳು. ಮುಂದಿನ ವಾರ, ಪಂದ್ಯದ ಬೆಳಿಗ್ಗೆ, ಅವಳು ಒಳಗೆ ತಿಂಡಿ ತಿನ್ನುತ್ತಿದ್ದಾಗ ಹಾರ್ಲನ್ ಬೂಟನ್ನು ಕಿತ್ತು, ಹಿಮ್ಮಡಿಯ ಕೆಳಗೆ, ಕಣ್ಣಿಗೆ ಬೀಳದ ಜಾಗದಲ್ಲಿ, ಹೊಸದೊಂದು ಪಟ್ಟಿ ಹಾಕಿ ಮೊಣಕಾಲೂರಿ ಒತ್ತಿದ. ಅವಳು ಇನ್ನೊಮ್ಮೆ ಹಾಗೆ ಅಳುವುದನ್ನು ನೋಡಲಾರೆ ಎಂಬುದೊಂದೇ ಅವನ ತಲೆಯಲ್ಲಿದ್ದದ್ದು. ಹಿಂದಿನ ಸಂಜೆ ತಾನೇ ಒತ್ತಿಟ್ಟಿದ್ದ ಬೂಟನ್ನು ಲೇಸಿ ಮತ್ತೆ ಪರೀಕ್ಷಿಸಲಿಲ್ಲ. ಯಾಕೆ ಪರೀಕ್ಷಿಸಬೇಕು?

ನೇರಳೆ ಕುಣಿಕೆಯಲ್ಲಿ, ನಾಲ್ಕನೆಯ ಚೆಂಡಿನಲ್ಲಿ ಅವಳು ಬಿದ್ದಳು. ಯಾರು ಬೇಕಾದರೂ ಬೀಳುವ ರೀತಿ ಅದು. ಎದ್ದು, ನೀರು ಉಗಿದು, ದೋಣಿಯವರನ್ನು ಬೈದು ಹತ್ತಿಕೊಳ್ಳಬೇಕಾದದ್ದು. ಬೂಟು ಬಿಡಲಿಲ್ಲ. ಸ್ಕೀ ತಿರುಚಿಕೊಂಡಿತು, ಅದರ ಜೊತೆಗೆ ಕಾಲೂ ತಿರುಚಿಕೊಂಡಿತು. ದೋಣಿಯಲ್ಲಿ ಕೂತಿದ್ದ ಹಾರ್ಲನ್‌ಗೆ ಆ ಸದ್ದು ಇಂಜಿನ್ನಿನ ಸದ್ದಿನ ನಡುವೆಯೂ ಕೇಳಿಸಿತು.

ಹೇಳಬೇಕೆಂದುಕೊಂಡ. ಆಸ್ಪತ್ರೆಯಲ್ಲಿ ಮೊದಲ ದಿನವೇ ಹೇಳಬೇಕೆಂದುಕೊಂಡ. ಆದರೆ ಲೇಸಿ ಅಷ್ಟರಲ್ಲೇ ಫೋನಿನಲ್ಲಿ ಆವತ್ತಿನ ಓಟದ ವಿಡಿಯೋ ಹಿಡಿದುಕೊಂಡು ಕೂತಿದ್ದಳು.

"ನೋಡು ಡ್ಯಾಡಿ, ಬಾಗಿಲಲ್ಲಿ. ತಡವಾಗಿ ತಿರುಗಿದೀನಿ. ಅಲ್ಲಿಂದಲೇ ಕೆಟ್ಟಿದ್ದು. ಅಲ್ವಾ?"

ಆರು ಚೆಂಡಿಗೆ ಮೊದಲು ಎರಡು ಚೆಂಡುಗಳ ನಡುವೆ ಕಿರಿದಾದ ಒಂದು ಬಾಗಿಲಿದೆ. ಅದರೊಳಗೆ ಹಾಯದಿದ್ದರೆ ಮುಂದೆ ಆರನ್ನೂ ಸುತ್ತಿದರೂ ಸೊನ್ನೆ. ಎಡಕ್ಕೆ ದೂರ ತೇಲಿಕೊಂಡು ಹೋಗಿ, ಸರಿಯಾದ ಗಳಿಗೆಗೆ ಒಳಕ್ಕೆ ತಿರುಗಬೇಕು. ಅರ್ಧ ಉಸಿರು ಬೇಗವಾದರೆ ಬಾಗಿಲ ಹೊರಗೆ. ಅರ್ಧ ಉಸಿರು ತಡವಾದರೆ ಮೊದಲ ಚೆಂಡಿನಿಂದಲೇ ಹಿಂದೆ ಬಿದ್ದು ಓಡಬೇಕು. ಎಷ್ಟೋ ಜನ ಇಪ್ಪತ್ತು ವರ್ಷ ತಿಣುಕಿದರೂ ಬಾರದ ಆ ಗಳಿಗೆ ಲೇಸಿಗೆ ಹನ್ನೊಂದನೆಯ ವಯಸ್ಸಿಗೇ ಬಂದಿತ್ತು. ಆ ವಿಡಿಯೋದಲ್ಲೂ ಅವಳು ತಿರುಗಿದ್ದು ಸರಿಯಾಗಿಯೇ ಇತ್ತು.

"ಸ್ವಲ್ಪ ತಡ," ಎಂದ ಹಾರ್ಲನ್.

ಒಮ್ಮೆ ಆಡಿದ ಸುಳ್ಳನ್ನು ಎರಡನೆಯ ಸಲ ಆಡಲು ಬಾಯಿ ಅಷ್ಟು ನೋಯುವುದಿಲ್ಲ. ಮನೆಗೆ ಬಂದ ಮೇಲೂ ಸಂಜೆಯಾದರೆ ಅದೇ ವಿಡಿಯೋ. ಅವನು ಉಪ್ಪು ನೀರಲ್ಲಿ ಬೇಯಿಸಿದ ಕಡಲೆಕಾಯಿ ತಂದಿಟ್ಟು ಅವಳ ಪಕ್ಕ ಕೂರುತ್ತಿದ್ದ. "ತಡ ಅಲ್ವಾ?" ಎಂದರೆ "ಹೂಂ" ಎನ್ನುತ್ತಿದ್ದ. ಲೇಸಿ ಕಾಲನ್ನು ದಿಂಬಿನ ಮೇಲಿಟ್ಟು, ಕಣ್ಣು ಮುಚ್ಚಿ, ಕೈಯಲ್ಲಿ ಇಲ್ಲದ ಹಗ್ಗವನ್ನು ಹಿಡಿದು, ಮನಸ್ಸಿನಲ್ಲೇ ಬಾಗಿಲಿಗೆ ತಿರುಗುವುದನ್ನು ಅಭ್ಯಾಸ ಮಾಡುತ್ತಿದ್ದಳು. ಇನ್ನೂ ಸ್ವಲ್ಪ ಬೇಗ. ಇನ್ನೂ ಸ್ವಲ್ಪ ಬೇಗ.

ಈಗ ಅದೇ ಸ್ಕೀ ಬೇಕು ಎನ್ನುತ್ತಿದ್ದಾಳೆ. ಮಧ್ಯಾಹ್ನ ಅವಳು ಊರಿನೊಳಗೆ ಹೋದಾಗ ಹಾರ್ಲನ್ ಶೆಡ್ಡಿಗೆ ಹೋಗಿ ಸ್ಕೀಯನ್ನು ಗೋಡೆಯಿಂದಿಳಿಸಿದ. ಬೂಟು ಕೀಳಲು ಸ್ಕ್ರೂಡ್ರೈವರ್ ತುರುಕಿ ಮೀಟಬೇಕಾಯಿತು. ನಾಲ್ಕನೆಯ ಪಟ್ಟಿಯನ್ನು ಕೆರೆದು ತೆಗೆದು ಕಸದ ಬುಟ್ಟಿಗೆ ಹಾಕಿದ. ಇನ್ನು ಹೇಳುವ ಅಗತ್ಯವಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಬೆಳಿಗ್ಗೆ ಕೆರೆ ಒಂದು ಸುಕ್ಕೂ ಇಲ್ಲದೆ ಮಲಗಿತ್ತು. ಪಕ್ಕದ ಮನೆಯ ವರ್ಲೀನ್ ಆಗಲೇ ಬಂದು ಮರದ ಕಟ್ಟೆಯ ಮೇಲೆ ಕೂತು ಹಗ್ಗ ಬಿಡಿಸುತ್ತಿದ್ದಳು. ಎಪ್ಪತ್ತು ದಾಟಿದವಳು, ಆ ಕೆರೆಯಲ್ಲಿ ನಲವತ್ತು ವರ್ಷ ದೋಣಿ ಓಡಿಸಿದವಳು.

"ಏನಯ್ಯಾ ಹಾರ್ಲನ್, ಮಗಳು ನೀರಿಗಿಳಿಯೋ ದಿನ ಹೆಣ ಹೊರೋ ಮುಖ ಮಾಡ್ಕೊಂಡಿದೀಯ?"

"ನಿದ್ದೆ ಬರ್ಲಿಲ್ಲ."

"ನಂಗಂತೂ ನನ್ನ ಗಂಡ ಸತ್ತಮೇಲೇ ಕಣ್ತುಂಬ ನಿದ್ದೆ. ಆ ಪುಣ್ಯಾತ್ಮನ ಗೊರಕೆ ಅಂಥಾದ್ದು." ಅವಳು ಲೇಸಿಯತ್ತ ತಿರುಗಿದಳು. "ಬಾರೇ ಮಗಳೇ. ಆ ದಡದ ಮುದಿ ಮೊಸಳೆ ಕೂಡ ನಿನ್ನ ಕೇಳ್ತಿತ್ತು ಕಣೆ, ಎಲ್ಲಿ ಹೋದ್ಲು ಅಂತ."

ಲೇಸಿ ನಗುತ್ತ ಕೂತು, ಬೂಟನ್ನು ತಾನೇ ಒತ್ತಿ ಕೂರಿಸಲೆಂದು ಕಿತ್ತಳು. ಅದು ಸುಲಭವಾಗಿ ಬಂತು. ಬೂಟನ್ನು ತಿರುಗಿಸಿ ನೋಡಿದಳು. ಮೂರು ಪಟ್ಟಿಗಳಿದ್ದವು. ಹಿಮ್ಮಡಿಯ ಕೆಳಗೆ ಇನ್ನೊಂದು ಪಟ್ಟಿಯಷ್ಟಗಲ ಜಾಗ ಹೊಸದಾಗಿ ಕೆರೆದಿತ್ತು. ಅದರ ಮೇಲೆ ಹೆಬ್ಬೆರಳು ಆಡಿಸಿದಳು. ಅಂಟು ಇನ್ನೂ ಜಿಗುಟಾಗಿತ್ತು.

"ಇದೇನು ಡ್ಯಾಡಿ? ಹಳೇ ಅಂಟಾ?"

ಹೌದು ಎಂದಿದ್ದರೆ ಮುಗಿದಿತ್ತು. ಅವಳು ನಂಬುತ್ತಿದ್ದಳು, ಆ ಕಣ್ಣುಗಳಲ್ಲಿ ಅನುಮಾನದ ಸುಳಿವೇ ಇರಲಿಲ್ಲ. ಅದನ್ನು ಕಂಡೇ ಹಾರ್ಲನ್‌ಗೆ ತಡೆಯಲಾಗಲಿಲ್ಲ.

"ಅಲ್ಲ ಮಗಳೇ. ಅಲ್ಲಿ ನಾಲ್ಕನೇದೊಂದಿತ್ತು. ನಾನೇ ಹಾಕಿದ್ದೆ. ನಿನ್ನೆ ಕಿತ್ತೆ."

"ಯಾವಾಗ ಹಾಕಿದ್ದೆ?"

"ಆವತ್ತು ಬೆಳಿಗ್ಗೆ. ನೀನು ತಿಂಡಿ ತಿಂತಿದ್ದೆ."

ವರ್ಲೀನ್‌ಳ ಕೈ ಹಗ್ಗದ ಮೇಲೆ ನಿಂತಿತು. ಲೇಸಿ ಬೂಟನ್ನು ತೊಡೆಯ ಮೇಲಿಟ್ಟುಕೊಂಡಳು. ಬಲಗಾಲ ಮೇಲಿನ ಉದ್ದನೆಯ ಗಾಯದ ಗೆರೆಯನ್ನು ಬೆರಳಿಂದ ಸವರಿಕೊಂಡಳು.

"ನಾನು ಅಳೋದು ನೋಡಕ್ಕಾಗ್ಲಿಲ್ಲ ನಿಂಗೆ," ಎಂದಳು ಕೊನೆಗೆ. "ಅದಕ್ಕೇ ಹಾಕಿದ್ದು. ಅಲ್ವಾ?"

"ಹೂಂ."

"ಸರಿ." ಅವಳು ತಲೆಯಾಡಿಸಿದಳು. ಕ್ಷಮಿಸಿದಳೇನೋ ಎಂದು ಹಾರ್ಲನ್‌ಗೆ ಒಂದು ಕ್ಷಣ ಆಸೆಯಾಯಿತು. "ಮತ್ತೆ ಬಾಗಿಲು? ತಡ ಆಯ್ತು ಅಂದ್ಯಲ್ಲ?"

ಅವನು ಮುಖವನ್ನು ಕೆರೆಯತ್ತ ತಿರುಗಿಸಿದ.

"ಡ್ಯಾಡಿ. ತಡ ಆಗಿತ್ತಾ?"

"ಇಲ್ಲ. ಸರಿಯಾಗೇ ತಿರುಗಿದ್ದೆ."

"ಒಂದು ವರ್ಷ ಪಕ್ಕದಲ್ಲಿ ಕೂತ್ಕೊಂಡು ನೋಡ್ದೆ ನೀನು," ಎಂದಳು ಲೇಸಿ. ದನಿ ಏರಲಿಲ್ಲ. "ಕಡಲೆಕಾಯಿ ಬಿಡಿಸ್ಕೊಟ್ಕೊಂಡು ನೋಡ್ದೆ."

ಅವಳು ಮೂರು ಪಟ್ಟಿಗಳ ಮೇಲೆ ಬೂಟನ್ನಿಟ್ಟು, ಅಂಗೈಯಿಂದ ಒತ್ತಿ, ಕಾಲು ತೂರಿಸಿದಳು. "ವರ್ಲೀನ್, ನೀನೇ ಓಡಿಸು. ಇವನು ಇಲ್ಲೇ ಇರ್ಲಿ."

ವರ್ಲೀನ್ ಹಗ್ಗ ಎತ್ತಿಕೊಂಡು ಹೋಗಿ ದೋಣಿ ಹತ್ತಿದಳು.

"ಎಳಿ!" ಎಂದು ಲೇಸಿ ಕೂಗಿದಳು. ಹದಿನೆಂಟು ವರ್ಷ ಹಾರ್ಲನ್‌ಗೆ ಹೇಳುತ್ತಿದ್ದ ಮಾತು. ಅವನ ಬಲಗೈ, ದೋಣಿಯ ವೇಗದ ಲಿವರ್ ತಳ್ಳುವಂತೆ, ತಾನಾಗಿಯೇ ಮುಂದಕ್ಕೆ ಸರಿದು ಗಾಳಿಯಲ್ಲಿ ನಿಂತಿತು.

ಹಗ್ಗ ಉದ್ದವಾಗಿತ್ತು, ವೇಗವೂ ಕಡಿಮೆ. ಅವಳು ಎದ್ದು ನಿಂತ ರೀತಿಗೇ ಅವನ ಕಣ್ಣು ತುಂಬಿತು. ಸೊಂಟ ಮೇಲಕ್ಕೆ, ಹಗ್ಗದ ಹಿಡಿ ಕೆಳಕ್ಕೆ, ತೋಳು ನೆಟ್ಟಗೆ, ನೋಟ ನೇರ ಕೆರೆಯ ಆಚೆ ತುದಿಗೆ. ಕಾಲಿನಲ್ಲಿ ಒಂದಿಷ್ಟೂ ಅಳುಕಿಲ್ಲ. ಎಡಕ್ಕೆ ತೇಲಿ ಹೋದಳು, ಹಗುರವಾಗಿ ಜಾರಿದಳು, ತಿರುಗಿದಳು.

ಬೇಗ ತಿರುಗಿದಳು. ಬಾಗಿಲಿನ ಬಲಚೆಂಡಿನ ಹೊರಗಿನಿಂದ ಹಾದುಹೋದಳು.

ದೋಣಿ ಸುತ್ತಿ ಬಂತು. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಅವಳು ಕಾಯಲು ಹೆಣಗುತ್ತಿರುವುದು ದಡಕ್ಕೇ ಕಾಣುತ್ತಿತ್ತು. ಆದರೂ ಮೈ ತಾನು ವರ್ಷವಿಡೀ ಕಲಿತದ್ದನ್ನೇ ಮಾಡಿತು. ಸತ್ಯವನ್ನು ಕಿವಿ ಅರ್ಧ ಗಂಟೆಯ ಹಿಂದೆ ಕೇಳಿರಬಹುದು, ಮೈಗೆ ಅದಿನ್ನೂ ತಲುಪಿರಲಿಲ್ಲ. ಏಳನೆಯ ಸಲ ಅವಳು ಹಿಡಿಯನ್ನು ಕೈಬಿಟ್ಟು ನೀರಿನಲ್ಲಿ ಮೆಲ್ಲನೆ ಮುಳುಗಿದಳು.

ಈಜಿಕೊಂಡು ಕಟ್ಟೆಗೆ ಬಂದು, ಎರಡೂ ಮೊಣಕೈ ಹಲಗೆಯ ಮೇಲೂರಿ, ಮೇಲೆ ಹತ್ತದೆ ಹಾಗೇ ನಿಂತಳು. ಕೂದಲಿಂದ ನೀರು ಸೋರುತ್ತಿತ್ತು.

"ಕಾಲು ನೋಯ್ತಾ?" ಎಂದ ಹಾರ್ಲನ್.

"ಕಾಲು ಚೆನ್ನಾಗಿದೆ." ಅವಳು ಉಸಿರು ಎಳೆದುಕೊಂಡಳು. "ಯಾವಾಗ ತಿರುಗ್ತಿದ್ದೆ ಡ್ಯಾಡಿ ನಾನು? ನೆನಪೇ ಆಗ್ತಿಲ್ಲ. ಎಷ್ಟು ಹುಡುಕಿದ್ರೂ ಸಿಗ್ತಿಲ್ಲ. ನೀನು ನೋಡ್ತಿದ್ದೆಯಲ್ಲ, ಹೇಳು."

ಅವನಿಗೆ ಗೊತ್ತಿತ್ತು. ಅಷ್ಟು ನಿಖರವಾಗಿ ಲೋಕದಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ. ಅವನು ಮಂಡಿಯೂರಿ ಅವಳ ಮುಖದ ಹತ್ತಿರಕ್ಕೆ ಬಾಗಿ ಹೇಳಿದ. "ದೋಣಿ ಮೂತಿ ಬಾಗಿಲ ಚೆಂಡುಗಳ ನಡುವೆ ಬರೋವರೆಗೂ ಕಾಯ್ತಿದ್ದೆ. ಬಂದಮೇಲೆ ಒಂದು ಉಸಿರು ಬಿಡ್ತಿದ್ದೆ. ಆ ಉಸಿರು ಮುಗಿಯೋ ತುದಿಗೆ ತಿರುಗ್ತಿದ್ದೆ. ಯಾವತ್ತೂ ತಪ್ಪಿರ್ಲಿಲ್ಲ."

ಲೇಸಿ ಕೂದಲನ್ನು ಹಿಂದಕ್ಕೆ ಸರಿಸಿ ಅವನ ಮುಖ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಉತ್ತರ ಬೇಕಾಗಿಯೇ ಕೇಳಿದಳು.

"ಅದನ್ನ ನಾನು ಹೇಗೆ ನಂಬ್ಲಿ, ಡ್ಯಾಡಿ?"