ಗಾಡಿ ಉಣ್ಣುವ ಬಾಯಿ

ಡೀಸೆಲ್ ಫಿಲ್ಟರನ್ನು ನಾನೇ ಮೊದಲ ಸಲ ಬದಲಿಸಿದ ಭಾನುವಾರ ನಮ್ಮ ಮನೆಯಲ್ಲಿ ಹೋಳಿಗೆ ಆಯಿತು. ಹಬ್ಬವೇನೂ ಇರಲಿಲ್ಲ. ಕಾರು ಚಾಲೂ ಆಗಿತ್ತು, ಅಷ್ಟೆ.

ಯಾದಗಿರಿಯ ಬಜಾರಿನಲ್ಲಿ ನನ್ನದೊಂದು ಸ್ಟೇಶನರಿ ಅಂಗಡಿ. ಪಾನಾ ಹಿಡಿದು ಬೋಲ್ಟು ಬಿಚ್ಚುವುದು ನನ್ನ ಕಸುಬಲ್ಲ. ಆದರೆ ನಮ್ಮ ಬೂದು ಬಣ್ಣದ ಡೀಸೆಲ್ ಕಾರಿಗೆ ವಯಸ್ಸಾಗಿದೆ. ಗ್ಯಾರೇಜಿಗೆ ಒಯ್ದರೆ ಅಮೀನಸಾಬ ಬಾನೆಟ್ಟು ಎತ್ತುವ ಮೊದಲೇ "ಮಾರಿಬಿಡ್ರಿ ಸಾವಕಾರ್ರ" ಅನ್ನುತ್ತಾನೆ. ಮಾರಲು ಮನಸ್ಸಿಲ್ಲದವನು ತಾನೇ ಕಲಿಯಬೇಕಾಗುತ್ತದೆ. ಆ ವಾರ ಕಾರು ಸ್ಟೇಶನ್ ರಸ್ತೆಯಲ್ಲಿ ನಿಂತು ನಾಲ್ಕು ಜನರ ಮುಂದೆ ನನ್ನ ಕೈಯಿಂದ ತಳ್ಳಿಸಿಕೊಂಡಿತ್ತು. ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಹಳೆಯ ಫಿಲ್ಟರ್ ಬಿಚ್ಚಿದೆ. ಒಳಗೆ ಕಾಡಿಗೆಯಂಥ ಕೊಳೆ. ಹೊಸದನ್ನು ಕೂರಿಸಿದೆ. ಪೈಪಿನಲ್ಲಿದ್ದ ಗಾಳಿ ಗುಳ್ಳೆಗುಳ್ಳೆಯಾಗಿ ಹೋಗಿ ಬರೀ ಡೀಸೆಲ್ ಬರುವತನಕ ಕೈಪಂಪು ಒತ್ತಿ, ಆಮೇಲೆ ಸ್ಕ್ರೂ ಬಿಗಿದೆ. ಕೀಲಿ ತಿರುವಿದಾಗ ಎಂಜಿನ್ ಒಮ್ಮೆ ಕೆಮ್ಮಿ ದಡದಡ ಎಂದಿತು. ಸರಿಯಾಗಿ ಮಾಡಿದೆನೋ ಇಲ್ಲವೋ ಎಂದು ಆ ಸ್ಕ್ರೂವನ್ನು ಮತ್ತೆ ಮತ್ತೆ ಮುಟ್ಟಿ ನೋಡಿದೆ.

ಹೆಂಡತಿ ಗುರುದೇವಿ ವಿಭೂತಿಯ ಬಟ್ಟಲು ಹಿಡಿದುಕೊಂಡೇ ಹೊರಗೆ ಬಂದಳು. ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿನಿಂದ ಬಾನೆಟ್ಟಿಗೆ ಎಳೆದಳು, ಸ್ಟೇರಿಂಗಿಗೆ ಎಳೆದಳು. ಅದು ಯಾವಾಗಲೂ ಇದ್ದದ್ದೇ. ಆ ದಿನ ಕಾರಿನ ಹಿಂದೆ ಹೋಗಿ ಡೀಸೆಲ್ ಟಾಕಿಯ ಮುಚ್ಚಳಕ್ಕೂ ದಪ್ಪಗೆ ಬಳಿದಳು.

"ಅಲ್ಲಿ ಯಾಕ?" ಎಂದೆ.

"ಗಾಡಿ ಉಣ್ಣೋ ಬಾಯಿ ಅಲ್ಲೇನ್ರಿ ಅದು? ಇಷ್ಟ ದಿನ ಅದಕ್ಕ ಹಚ್ಚಿದ್ದಿಲ್ಲ, ಸಿಟ್ಟ ಮಾಡಿತ್ತು."

ಹೋಳಿಗೆ ತಿನ್ನುವಾಗಲೇ ಸುರಪುರದಿಂದ ಮಗಳು ಭುವನೇಶ್ವರಿಯ ಫೋನು ಬಂತು. ಅವಳು ಚೊಚ್ಚಲ ಬಸುರಿ. ಅತ್ತೆಮನೆಯಲ್ಲಿ ಸೀಮಂತದ ಕುಬಸ ಮುಗಿದ ಮೇಲೆ ಹೆರಿಗೆಗೆ ತವರಿಗೆ ಕರೆತರಬೇಕು.

"ಅಪ್ಪಾ, ನಾ ನಮ್ಮ ಗಾಡ್ಯಾಗೇ ಬರಾಕಿ ನೋಡು. ನಾ ಗೇರ್ ಹಾಕೋದು ಕಲ್ತದ್ದು ಅದರಾಗ. ಕೂಸಿಗೂ ಅದರ ಸಪ್ಪಳ ಕೇಳ್ಲಿ."

"ಅದರಾಗೇ ಕರ್ಕೊಂಡ ಬರ್ತೀನವ್ವ," ಎಂದುಬಿಟ್ಟೆ.

ಹಿಂದೆಯೇ ಅವಳ ಮಾವ, ನಮ್ಮ ಬೀಗರು ಈಶಪ್ಪ ಫೋನು ಇಸಿದುಕೊಂಡರು. ಹತ್ತಿ ವ್ಯಾಪಾರದವರು, ಗಂಟಲು ದೊಡ್ಡದು.

"ಬೀಗರ, ನಮ್ಮ ಹೊಸಾ ಗಾಡಿ ಅದ, ಎಸಿ ಅದ. ನಿಮ್ಮದು ಹಾದ್ಯಾಗ ಕುಂತ್ರ ಬಸುರಿ ಹೆಣ್ಮಗಳನ್ನ ಬಿಸಿಲಾಗ ನಿಲ್ಲಿಸ್ತೀರೇನು?"

"ಕುಂದ್ರಂಗಿಲ್ರಿ. ನಾನೇ ಕೈಯಾರ ರಿಪೇರಿ ಮಾಡೀನಿ."

"ಅದಕ್ಕಾ ನನಗ ಅಂಜಿಕಿ!" ಎಂದು ಅವರು ನಕ್ಕ ನಗು ಗುರುದೇವಿಗೂ ಕೇಳಿಸಿತು. ಕೊನೆಗೆ ಒಂದು ಮಾತಾಯಿತು. ಅವರ ಕಾರು ಯಾದಗಿರಿಯವರೆಗೆ ನಮ್ಮ ಹಿಂದೆ ಬರುತ್ತದೆ. ನಮ್ಮದು ಹಾದಿಯಲ್ಲಿ ಕೆಟ್ಟರೆ ಭುವನಾ ಇಳಿದು ಅವರ ಕಾರು ಹತ್ತಬೇಕು.

ಮರುದಿನ ಸರಕು ತರಲು ಶಹಾಪುರಕ್ಕೆ ಹೊರಟೆ. ಇನ್ನೇನು ಶಹಾಪುರದ ಬೆಟ್ಟ ಕಾಣಿಸಬೇಕು, ಕಾರು ಜಗ್ಗುವುದನ್ನು ಬಿಟ್ಟು ನಿಂತೇ ಹೋಯಿತು. ಬಾನೆಟ್ಟು ಎತ್ತಿ ಸುಮ್ಮನೆ ನೋಡುತ್ತ ನಿಂತೆ. ಒಂದು ಚಹಾ ಕುಡಿದು ಬರುವಷ್ಟರಲ್ಲಿ ಏನೂ ಆಗೇ ಇಲ್ಲವೆನ್ನುವಂತೆ ಚಾಲೂ ಆಯಿತು.

ತಪ್ಪು ನನ್ನದೇ ಎಂದು ಖಾತ್ರಿಯಾಯಿತು. ಫಿಲ್ಟರ್ ಸರಿ ಕೂರಿಸಿಲ್ಲ, ಎಲ್ಲೋ ಗಾಳಿ ಎಳೆಯುತ್ತಿದೆ. ಮತ್ತೆ ಬಿಚ್ಚಿದೆ, ವಾಶರ್ ಬದಲಿಸಿದೆ, ಗಾಳಿ ತೆಗೆದೆ. ಪರೀಕ್ಷೆಗೆಂದು ಊರ ಪಕ್ಕದ ಮುದನಾಳಕ್ಕೆ ಹೋಗಿ ಬಂದರೆ ಕಾರು ಕುದುರೆಯಂತೆ ಓಡಿತು. ಗುರುದೇವಿ ಮತ್ತೆ ವಿಭೂತಿ ಹಚ್ಚಿದಳು. ಮತ್ತೆ ಶಹಾಪುರದ ಹಾದಿಯಲ್ಲಿ ನಿಂತಿತು. ರಬ್ಬರ್ ಪೈಪು ಬದಲಿಸಿದೆ. ಮುದನಾಳಕ್ಕೆ ಹೋಗಿ ಬಂದರೆ ಕುದುರೆ. ದೂರ ಹೊರಟರೆ ಕತ್ತೆ. ನಾನು ರಿಪೇರಿ ಮಾಡಿದಷ್ಟೂ ಅವಳ ವಿಭೂತಿ ದಪ್ಪವಾಗುತ್ತ ಹೋಯಿತು.

"ನೀವು ನಿಮ್ಮ ಕೆಲಸ ಮಾಡ್ರಿ, ನಾ ನನ್ನ ಕೆಲಸ ಮಾಡ್ತೀನಿ," ಎಂದಳು. "ಇಬ್ಬರೊಳಗ ಒಬ್ಬರದರ ನಡೀಲಿ."

ಕುಬಸದ ದಿನ ಬೆಳಿಗ್ಗೆ ಸುರಪುರಕ್ಕೆ ಹೋಗುವಾಗಲೂ ಕಾರು ಒಮ್ಮೆ ನಿಂತಿತು. ನೋಡಿದ್ದು ಗುರುದೇವಿ ಮತ್ತು ರಸ್ತೆ ದಾಟುತ್ತಿದ್ದ ಎಮ್ಮೆಗಳು ಮಾತ್ರ.

"ಬೀಗರಿಗೆ ಹೇಳಬ್ಯಾಡ," ಎಂದೆ.

"ನಾ ಯಾಕ ಹೇಳ್ಲಿ? ಎಮ್ಮಿ ಬಾಯಿ ಮುಚ್ಚಸ್ರಿ."

ಕುಬಸ ಚೆನ್ನಾಗಿ ಆಯಿತು. ನನಗೆ ಮಾತ್ರ ಊಟ ಸೇರಲಿಲ್ಲ. ಹಸಿರು ಸೀರೆ, ಎರಡೂ ಕೈ ತುಂಬ ಹಸಿರು ಬಳೆ, ತುಂಬಿದ ಉಡಿ. ಭುವನಾ ನಗುನಗುತ್ತ ಬಂದು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಳು. ಗುರುದೇವಿ ಬೀಗರ ಮನೆಯ ವಿಭೂತಿಯನ್ನೇ ಕೇಳಿ ಪಡೆದು, ಅಂಗಳದಲ್ಲಿದ್ದವರೆಲ್ಲ ನೋಡುತ್ತಿರುವಂತೆ ಬಾನೆಟ್ಟು, ಸ್ಟೇರಿಂಗು, ಮುಚ್ಚಳ ಎಲ್ಲಕ್ಕೂ ಹಚ್ಚಿ ಮಗಳ ಪಕ್ಕ ಕೂತಳು. ಹೊಸ ಕಾರಿನಲ್ಲಿ ಅಳಿಯ ಶರಣಕುಮಾರ ಚಕ್ರ ಹಿಡಿದಿದ್ದ. ಪಕ್ಕದಲ್ಲಿ ಈಶಪ್ಪನವರು.

"ನಾವು ಹಿಂದೇ ಇರ್ತೀವ್ರಿ ಬೀಗರ," ಎಂದು ಕಿಟಕಿಯಿಂದ ಕೂಗಿದರು. "ಅಂಬ್ಯುಲೆನ್ಸ್ ಇದ್ದಾಂಗ!"

ಕಾಲುವೆ ದಾಟಿದೆವು. ಎರಡೂ ಬದಿಗೆ ಭತ್ತದ ಹಸಿರು. ಭುವನಾ ಹೊಟ್ಟೆಯ ಮೇಲೆ ಕೈಯಿಟ್ಟು "ಕೇಳ್ತದೇನೋ? ಇದು ಮೂರನೇ ಗೇರು," ಎಂದು ಕೂಸಿಗೆ ಪಾಠ ಹೇಳುತ್ತಿದ್ದಳು. ನನ್ನ ಕಿವಿ ಎಂಜಿನ್ ಮೇಲೇ ಇತ್ತು. ದೂರದಲ್ಲಿ ಶಹಾಪುರದ ಬೆಟ್ಟ ಕಂಡದ್ದೇ ತಡ, ಎಕ್ಸಿಲರೇಟರ್ ಒತ್ತಿದರೂ ಕಾರು ಜಗ್ಗದಾಯಿತು.

"ಅಪ್ಪಾ, ಸಪ್ಪಳ ಬ್ಯಾರೆ ಆತಲ್ಲ?"

ಏರು ಅದ ಎನ್ನಬಹುದಿತ್ತು. ಆದರೆ ರಸ್ತೆ ಅಂಗೈಯಷ್ಟು ಸಪಾಟಾಗಿತ್ತು. ಇನ್ನೊಂದಿಷ್ಟು ದೂರ ಹೋಗಬಹುದೇನೋ, ಆಮೇಲೆ ನೆರಳಿಲ್ಲದ ಕಡೆ, ಲಾರಿಗಳ ನಡುವೆ ನಿಂತರೆ? ಬಸುರಿ ಮಗಳನ್ನು ಕೂರಿಸಿಕೊಂಡು ನನ್ನ ಹಟ ಸಾಧಿಸುವುದು ಬೇಡವೆನಿಸಿತು. ಬೇವಿನ ಮರದ ನೆರಳಿಗೆ ಕಾರು ಸರಿಸಿ ಹಿಂದೆ ತಿರುಗಿದೆ. ಎಂಜಿನ್ ಇನ್ನೂ ಸಣ್ಣಗೆ ನಡೆದಿತ್ತು, ಜ್ವರ ಬಂದವರ ನಾಡಿಯಂತೆ.

"ಭುವನಾ, ನೀ ಅವರ ಗಾಡಿ ಹತ್ತವ್ವ. ಇದು ಇನ್ನ ನಡಿಯಂಗಿಲ್ಲ. ನಾ ಏನೋ ತಪ್ಪ ಮಾಡೀನಿ, ಏನಂತ ತಿಳೀವಲ್ದು."

ಅವಳು ಇಳಿಯಲಿಲ್ಲ. "ಇನ್ನಾ ಜೀವ ಅದಲ್ಲಪ್ಪಾ ಇದಕ್ಕ. ಡೀಸೆಲ್ ಅದ ಇಲ್ಲ ನೋಡಿಯೇನು?"

ಡೀಸೆಲ್ ಮುಳ್ಳು ಕೆಟ್ಟು ಯಾವ ಕಾಲವಾಗಿತ್ತೋ. ಬೆಳಿಗ್ಗೆಯೇ ತುಂಬಿಸಿದ್ದೆ. ಆದರೂ ಮಗಳ ಮಾತಿಗೆ ಇಳಿದು ಹಿಂದೆ ಹೋಗಿ ಮುಚ್ಚಳ ತಿರುವಿದೆ.

ಸುಂಯ್ ಎಂದು ಗಾಳಿ ಒಳಗೆ ನುಗ್ಗಿತು. ಮರುಗಳಿಗೆ, ಸಾಯುತ್ತಿದ್ದ ಎಂಜಿನ್ ದಡದಡ ಎಂದು ಗಟ್ಟಿಯಾಯಿತು.

"ಅಪ್ಪಾ! ಏನ್ ಮಾಡ್ದಿ?"

"ಏನೂ ಮಾಡಿಲ್ಲ. ಮುಚ್ಚಳ ತಗದೀನಿ."

ಹೆಬ್ಬೆರಳು ಬೆಳ್ಳಗಾಗಿತ್ತು. ಮುಚ್ಚಳವನ್ನು ತಿರುಗಿಸಿ ನೋಡಿದೆ. ಅದರ ನಡುವೆ ಸೂಜಿ ಹೋಗುವಷ್ಟು ಒಂದು ತೂತು ಇರಬೇಕು. ಡೀಸೆಲ್ ಖಾಲಿಯಾದಂತೆ ಅಷ್ಟು ಗಾಳಿ ಒಳಗೆ ಬರಲೆಂದು ಇಟ್ಟದ್ದು. ಬಾರದಿದ್ದರೆ ಪಂಪು ಎಷ್ಟು ಜಗ್ಗಿದರೂ ಡೀಸೆಲ್ ಹೋಗದು. ಆಕಾಶಕ್ಕೆ ಹಿಡಿದರೆ ಬೆಳಕೇ ಇಲ್ಲ. ಪದರಪದರವಾಗಿ ಒಣಗಿದ ವಿಭೂತಿ, ಅದರ ಮೇಲೆ ಈ ದಿನದ ಹಸಿ ವಿಭೂತಿ.

ನನ್ನ ಬೆನ್ನ ಹಿಂದೆ ಗುರುದೇವಿ ಇಳಿದು ಬಂದಿದ್ದಳು. ಮುಚ್ಚಳವನ್ನು ಅವಳ ಕಣ್ಣ ಮುಂದೆ ಹಿಡಿದೆ. ಅವಳು ಮುಚ್ಚಳ ನೋಡಿದಳು, ತನ್ನ ಮೂರು ಬೆರಳು ನೋಡಿಕೊಂಡಳು.

"ಅಯ್ಯ ಶಿವನ! ನಾನಾ ಇದರ ಉಸುರ ಕಟ್ಟಿಸಿದ್ನಾ?"

ಒಳಗಿಂದ ಭುವನಾ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ನಗುತ್ತಲೇ ಸೆರಗಿನ ಪಿನ್ನು ಬಿಚ್ಚಿ ಕೈಗೆ ಕೊಟ್ಟಳು. ಚುಚ್ಚಿ, ಊದಿ, ಮತ್ತೆ ಆಕಾಶಕ್ಕೆ ಹಿಡಿದೆ. ಸಾಸಿವೆಯಷ್ಟು ಬೆಳಕು ಕಂಡಿತು. ನನಗಾದ ಸಂತೋಷ ಹೇಗೆ ಹೇಳಲಿ? ಫಿಲ್ಟರ್ ಸರಿಯಿತ್ತು. ಮೊದಲನೇ ಭಾನುವಾರವೇ ಸರಿಯಿತ್ತು. ವಾಶರು, ಪೈಪು, ಸ್ಕ್ರೂ, ಎಲ್ಲ ನಾನು ಸರಿಯಾಗಿಯೇ ಬಿಗಿದಿದ್ದೆ.

ಅಷ್ಟರಲ್ಲಿ, ಲಾರಿಗಳ ಹಿಂದೆ ಸಿಕ್ಕಿಕೊಂಡಿದ್ದ ಹೊಸ ಕಾರು ಬಂದು ಪಕ್ಕಕ್ಕೆ ನಿಂತಿತು. ಈಶಪ್ಪನವರು ಗೆದ್ದವರ ಮುಖ ಮಾಡಿಕೊಂಡು ಇಳಿದರು.

"ಏನ್ರಿ ಬೀಗರ, ಕೆಟ್ಟತೇನು? ಭುವನವ್ವ, ಇಳಿ ತಾಯಿ."

"ಕೆಟ್ಟಿಲ್ರಿ ಮಾವಾರ," ಎಂದಳು ಭುವನಾ. "ಸಪ್ಪಳ ಕೇಳ್ರಿ."

ಅವರು ಬಾನೆಟ್ಟಿಗೆ ಕಿವಿಕೊಟ್ಟು ನಿಂತರು. ಎಂಜಿನ್ ದಡದಡ ಎನ್ನುತ್ತಿತ್ತು. ನನ್ನ ಬೆಳ್ಳಗಾದ ಹೆಬ್ಬೆರಳು ನೋಡಿ, "ಹಂಗಾರ ಯಾಕ ನಿಲ್ಸೀರಿ?" ಎಂದರು. ನಾನು ಗುರುದೇವಿಯ ಕಡೆ ನೋಡಿದೆ. ಮುಚ್ಚಿಡಬೇಕೋ ಹೇಳಬೇಕೋ ತಿಳಿಯಲಿಲ್ಲ. ಅವಳೇ ಹೇಳಿಬಿಟ್ಟಳು, ಮೊದಲಿಂದ ಕೊನೆತನಕ, ಎಮ್ಮೆಗಳನ್ನೂ ಬಿಡದೆ.

ಈಶಪ್ಪನವರು ಬೇವಿನ ಮರಕ್ಕೆ ಕೈಯಾನಿಸಿ ಕಣ್ಣೀರು ಬರುವತನಕ ನಕ್ಕರು. "ನಮ್ಮ ಮನಿ ವಿಭೂತಿನೂ ಹಚ್ಚೀರಲ್ಲ, ಅಂದಮ್ಯಾಗ ತಪ್ಪಿನಾಗ ನಮ್ಮದೂ ಪಾಲದ," ಎಂದವರೇ ನಮ್ಮ ಕಾರಿನ ಮುಂದಿನ ಬಾಗಿಲು ತೆಗೆದು ಕೂತರು. "ಶರಣ್ಯಾ, ನೀ ಒಬ್ಬನೇ ಎಸಿ ಹಾಕ್ಕೊಂಡು ಬಾ. ನಾ ಇಲ್ಲೇ ಬರ್ತೀನಿ. ರಿಪೇರಿ ಹೆಂಗ ಮಾಡಿದ್ರಿ, ಹೇಳ್ರಿ ಬೀಗರ. ಮೊದಲ ಯಾವ ಬೋಲ್ಟ ಬಿಚ್ಚಿದ್ರಿ?"

ಶಹಾಪುರದ ಬೆಟ್ಟ ಹಿಂದಾಯಿತು. ಭೀಮಾ ಸೇತುವೆಯ ಮೇಲೆ ಭುವನಾ ಹಿಂದಿನಿಂದ ಕೈ ಚಾಚಿ ಹಾರ್ನ್ ಒತ್ತಿದಳು. ಅಲ್ಲಿಯತನಕ ನಾನು ಫಿಲ್ಟರ್ ಕಥೆಯನ್ನೇ ಹೇಳುತ್ತಿದ್ದೆ. ಬೀಗರು ಬೇಸರವಿಲ್ಲದೆ ಕೇಳುತ್ತಿದ್ದರು.

ಮನೆ ಮುಂದೆ ಮಗಳನ್ನು ಆರತಿ ಎತ್ತಿ ಒಳಗೆ ಕರೆದುಕೊಂಡ ಮೇಲೆ ಗುರುದೇವಿ ಅಭ್ಯಾಸದಂತೆ ಬಟ್ಟಲು ಹಿಡಿದು ಬಂದಳು. ಬಾನೆಟ್ಟಿಗೆ ಹಚ್ಚಿದಳು. ಮುಚ್ಚಳದ ಹತ್ತಿರ ಹೋಗಿ ತಡೆದಳು. ಆಮೇಲೆ ಉಳಿದ ವಿಭೂತಿಯ ಬೆರಳನ್ನು ನನ್ನ ಹಣೆಯ ಮುಂದೆ ಹಿಡಿದು ಕೇಳಿದಳು:

"ಇಲ್ಲಿ ಯಾವ ತೂತೂ ಇಲ್ಲಲ್ಲ?"