ನಿಮ್ಮ ಬಗ್ಗೆ ಸ್ವಲ್ಪ ಹೇಳಿ

ಬಟ್ಟೆ ಕಾರ್ಖಾನೆಯ ಹೊಲಿಗೆ ವಿಭಾಗದಲ್ಲಿ ಇನ್ನೂರು ಯಂತ್ರಗಳು ಒಟ್ಟಿಗೆ ಓಡುತ್ತಿದ್ದವು. ಆ ಗದ್ದಲದಲ್ಲಿ ಬಾಯಿಬಿಟ್ಟು ಮಾತಾಡಿ ಪ್ರಯೋಜನವಿರಲಿಲ್ಲ. ಸೂಜಿ ಮುರಿದರೆ ಒಂದು ಬೆರಳು ಎತ್ತುತ್ತಿದ್ದರು, ದಾರ ತುಂಡಾಗುತ್ತಿದ್ದರೆ ಎರಡು, ಯಂತ್ರವೇ ನಿಂತರೆ ಮುಷ್ಟಿ. ಅಲ್ಲಿ ರಿಪೇರಿ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಆ ಬೆರಳುಗಳ ಕಡೆ ಓಡಾಡಿಕೊಂಡೇ ಹದಿನಾಲ್ಕು ವರ್ಷ ಕಳೆದ. ಅವನಿಗೆ ಉಗ್ಗು ಇದೆ ಎಂಬುದು ಅಲ್ಲಿದ್ದ ಅರ್ಧ ಜನಕ್ಕೆ ಗೊತ್ತೇ ಇರಲಿಲ್ಲ.

ಕಾರ್ಖಾನೆ ಮುಚ್ಚಿದ ಮೇಲೆ ಅವನು ಎರಡು ಸಂದರ್ಶನಗಳಿಗೆ ಹೋಗಿಬಂದ. ಮೊದಲನೆಯದರಲ್ಲಿ ಹೆಸರು ಕೇಳಿದರು. ಅವನ ಹೆಸರಿನ ಮೊದಲ ಅಕ್ಷರವೇ ಅವನ ಪಾಲಿನ ಶತ್ರು. ಅದು ನಾಲಿಗೆಗೆ ಅಂಟಿಕೊಂಡು ಕೂತಿತು. ಎದುರಿಗಿದ್ದವರು, "ಇರಲಿ ಬಿಡಿ, ಅರ್ಜೀಲಿದೆ" ಎಂದು ಹೇಳಿ ಮತ್ತೇನೂ ಕೇಳದೆ ಕಳಿಸಿದರು. ಎರಡನೆಯದಕ್ಕೆ ಕತ್ತಿಗೆ ಮಫ್ಲರ್ ಸುತ್ತಿಕೊಂಡು ಹೋಗಿ, ಗಂಟಲು ಕೆಟ್ಟಿದೆ ಎಂದು ಸನ್ನೆ ಮಾಡಿದ. ವಾಸಿಯಾದ ಮೇಲೆ ಬನ್ನಿ ಎಂದರು. ವಾಸಿಯಾಗುವ ಗಂಟಲು ಅದಲ್ಲವಲ್ಲ, ಅವನು ಹೋಗಲಿಲ್ಲ.

ಮೂರನೆಯ ಸಂದರ್ಶನದ ಪತ್ರ ಒಂದು ದೊಡ್ಡ ಆಸ್ಪತ್ರೆಯಿಂದ ಬಂತು. ಮಂಚ, ಗಾಲಿಕುರ್ಚಿ, ರೋಗಿಗಳ ಗಂಟಲಿನ ಕಫ ಎಳೆಯುವ ಸಕ್ಷನ್ ಯಂತ್ರ, ಇವನ್ನೆಲ್ಲ ಸರಿಮಾಡುವ ಕೆಲಸ. ಹೆಂಡತಿ ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ಪತ್ರವನ್ನು ಎರಡು ಸಲ ಓದಿ, "ಇದು ನಿಮಗೇ ಮಾಡಿಸಿದ ಹಾಗಿದೆ" ಎಂದಳು. ಹತ್ತು ದಿನ ಸಮಯವಿತ್ತು.

ಹೆಂಡತಿಯ ತಮ್ಮ ಇನ್ಶೂರೆನ್ಸ್ ಏಜೆಂಟ್. ಮಾತಿನ ಮಲ್ಲ. ಸಂದರ್ಶನದಲ್ಲಿ ಸಾಮಾನ್ಯವಾಗಿ ಕೇಳುವ ಇಪ್ಪತ್ತು ಪ್ರಶ್ನೆಗಳನ್ನೂ ಅವಕ್ಕೆ ಉತ್ತರಗಳನ್ನೂ ಅಚ್ಚು ಹಾಕಿಸಿ ತಂದುಕೊಟ್ಟ.

"ಬಾವ, ಇದಿಷ್ಟು ಉರು ಹೊಡೀರಿ ಸಾಕು. ನಿಮ್ಮ ದೌರ್ಬಲ್ಯ ಏನು ಅಂತಾರೆ. ನಾನು ವಿಪರೀತ ಕೆಲಸ ಮಾಡ್ತೀನಿ, ಅದೇ ನನ್ನ ದೌರ್ಬಲ್ಯ ಅನ್ನಬೇಕು. ತಿಳೀತಾ?"

ಎಂಟನೇ ತರಗತಿಯ ಮಗಳು ಪ್ರಶ್ನೆ ಕೇಳುವ ಭಾರ ಹೊತ್ತಳು. ಸಂಜೆ ಊಟದ ಮೇಜಿನ ಆಚೆ ಬದಿಗೆ ಅಮ್ಮನ ಕನ್ನಡಕ ಏರಿಸಿ ಕೂತು, "ನಿಮ್ಮ ಬಗ್ಗೆ ಸ್ವಲ್ಪ ಹೇಳಿ" ಎನ್ನುವಳು. ಅಪ್ಪ ಒಂದು ಸಾಲು ಹೇಳುವುದರೊಳಗೆ ಬೆವರಿ ತೊಪ್ಪೆಯಾಗುತ್ತಿದ್ದ. ದಿನ ಕಳೆದಂತೆ ಮಾತು ಸರಿಹೋಗುವ ಬದಲು ಇನ್ನಷ್ಟು ಕೆಟ್ಟಿತು. ಅದಕ್ಕೆ ಕಾರಣವೂ ಇತ್ತು. ಒಂದು ಪದ ಸಿಕ್ಕಿಕೊಂಡರೆ ಪಕ್ಕದ ಪದಕ್ಕೆ ಹಾರಿ ತಪ್ಪಿಸಿಕೊಳ್ಳುವುದು ಅವನ ಚಿಕ್ಕಂದಿನ ಅಭ್ಯಾಸ. ಉರು ಹೊಡೆದ ಉತ್ತರದಲ್ಲಿ ಪಕ್ಕಕ್ಕೆ ಜಾರಲು ಜಾಗವೇ ಇರಲಿಲ್ಲ.

ಆರನೆಯ ದಿನ ಅವನು ಕಾಗದ ಮಡಚಿಟ್ಟ. "ನಾ... ನಾನು ಹೋಗಲ್ಲ."

ಹೆಂಡತಿ ಬಟ್ಟೆ ಮಡಚುತ್ತಿದ್ದಳು. ಕೈ ನಿಲ್ಲಿಸದೆಯೇ ಹೇಳಿದಳು. "ಈ ಇಪ್ಪತ್ತರಲ್ಲಿ ಯಾವುದಕ್ಕೂ ನೀವು ಹೆದರಿಲ್ಲ ಕಣ್ರೀ. ಉಗ್ಗು ಅವರಿಗೆ ಗೊತ್ತಾಗಿಬಿಡತ್ತಲ್ಲ, ಅದೇ ನಿಮ್ಮ ಹೆದರಿಕೆ. ಹೋದ ತಕ್ಷಣ ನೀವೇ ಹೇಳಿಬಿಡಿ. ಆಮೇಲೆ ಬಚ್ಚಿಡೋಕೆ ಏನಿರತ್ತೆ?"

ಅವನಿಗೆ ಸಿಟ್ಟು ಬಂತು. ಆ ದಿನವೆಲ್ಲ ಮುಖ ಊದಿಸಿಕೊಂಡೇ ಇದ್ದ. ಮೂವತ್ತೊಂಬತ್ತು ವರ್ಷದ ಜೀವಮಾನದಲ್ಲಿ ಆ ಒಂದು ಶಬ್ದವನ್ನು ಅವನು ತನ್ನ ಬಗ್ಗೆ ಬಾಯಿಬಿಟ್ಟು ಆಡಿರಲಿಲ್ಲ. ಮರುದಿನ ಬೆಳಿಗ್ಗೆ ಗಡ್ಡ ಕೆರೆದುಕೊಳ್ಳುವಾಗ ಕನ್ನಡಿಯಲ್ಲಿ ನೊರೆ ಹಚ್ಚಿದ ಮುಖವನ್ನೇ ನೋಡುತ್ತ, "ನನಗೆ ಉಗ್ಗಿದೆ" ಎಂದ. ಹೊರಗೆ ನಲ್ಲಿಯ ಹತ್ತಿರ ಇದ್ದ ಹೆಂಡತಿಗೆ ಕೇಳಿಸಿತು. ಕೇಳಿಸದವಳಂತೆ ಬಕೆಟ್ ಎತ್ತಿಕೊಂಡು ಹೋದಳು.

ವಿಷಯ ತಿಳಿದು ಬಾವಮೈದ ಓಡಿಬಂದ. "ಬಾವ, ಯಾವ ಅಂಗಡಿಯವನಾದ್ರೂ ಗಿರಾಕಿ ಮುಂದೆ ತನ್ನ ಮಾಲು ಹುಳುಕು ಅಂತಾನಾ?"

"ಹುಳುಕಿರೋದು ನಿನ್ನ ಇಪ್ಪತ್ತು ಉತ್ತರ" ಎಂದಳು ಅಕ್ಕ.

ಸಂದರ್ಶನದ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಹಿಂದೆ ಮೂವರು: ಟೈ ಕಟ್ಟಿದ ಆಡಳಿತಾಧಿಕಾರಿ, ಮುಖ್ಯ ನರ್ಸ್, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ ವಯಸ್ಸಾದ ಇಂಜಿನಿಯರ್. ಮೆಕ್ಯಾನಿಕ್ ಕೂತ. ಅವರು ಬಾಯಿ ತೆರೆಯುವ ಮೊದಲೇ ಶುರುಮಾಡಿದ. "ನನಗೆ ಉ... ಉಗ್ಗಿದೆ. ಮಾತಿಗೆ ಸಮಯ ಹಿಡಿಯತ್ತೆ. ದಯವಿಟ್ಟು ಕಾ... ಕಾಯಬೇಕು." ಅಷ್ಟು ಹೇಳುವುದರಲ್ಲಿ ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಅರ್ಧ ಸುತ್ತು ಬಂದಿತ್ತು.

ಇಂಜಿನಿಯರ್ ಪೆನ್ನು ಕೆಳಗಿಟ್ಟು ಕುರ್ಚಿಗೆ ಒರಗಿದರು. "ನಮಗೇನೂ ಬಸ್ಸು ತಪ್ಪಿಹೋಗಲ್ಲ. ನಿಮ್ಮ ಬಗ್ಗೆ ಸ್ವಲ್ಪ ಹೇಳಿ."

ಆಗ ಅವನಿಗೇ ಆಶ್ಚರ್ಯವಾಯಿತು. ಉಗ್ಗು ಎಲ್ಲಿಗೂ ಹೋಗಿರಲಿಲ್ಲ. ಆದರೆ ಅದನ್ನು ಮುಚ್ಚಿಡಲು ಪಡುತ್ತಿದ್ದ ಶ್ರಮ ತಪ್ಪಿತ್ತು. ಉರು ಹೊಡೆದದ್ದನ್ನು ಬಿಟ್ಟು, ಇನ್ನೂರು ಯಂತ್ರಗಳ ನಡುವೆ ಯಾವುದರ ಬೇರಿಂಗ್ ಸವೆದಿದೆ ಎಂಬುದನ್ನು ಕೈಯಿಟ್ಟು ತಿಳಿಯುತ್ತಿದ್ದ ಬಗೆಯನ್ನು ಹೇಳಿದ. ಮಾತು ನಿಂತಲ್ಲಿ ನಿಂತು, ಹೊರಟಾಗ ಹೊರಟ.

"ನಿಮ್ಮ ದೌರ್ಬಲ್ಯ?" ಎಂದು ಕೇಳಿದರು ಅಧಿಕಾರಿ, ಕೈಯಲ್ಲಿದ್ದ ಪಟ್ಟಿ ನೋಡುತ್ತ.

"ಅದನ್ನ ಬಂದ ತಕ್ಷಣ ಹೇ... ಹೇಳಿಬಿಟ್ಟೆನಲ್ಲ ಸಾರ್."

ಇಂಜಿನಿಯರ್ ಜೋರಾಗಿ ನಕ್ಕರು. ಅಧಿಕಾರಿಯೂ ನಕ್ಕರು. ಮುಖ್ಯ ನರ್ಸ್ ಮಾತ್ರ ನಗಲಿಲ್ಲ. ಮುಂದಕ್ಕೆ ಬಾಗಿ ಕೇಳಿದರು. "ನಾನು ಬೇಜಾರು ಮಾಡೋಕೆ ಕೇಳ್ತಿಲ್ಲ. ವಾರ್ಡಲ್ಲಿ ಸಕ್ಷನ್ ಯಂತ್ರ ನಿಂತಿದೆ, ರೋಗಿ ಉಸಿರಿಗೆ ಒದ್ದಾಡ್ತಿದ್ದಾನೆ. ಬೇರೆ ಯಂತ್ರ ತರಿಸೋಕೆ ಒಬ್ಬರನ್ನ ಓಡಿಸಿ ನಿಮಗೆ ಫೋನ್ ಮಾಡ್ತೀನಿ. ನಿಮ್ಮ ಮಾತು ಹೊರಡೋ ತನಕ ನಾನು ಫೋನ್ ಹಿಡ್ಕೊಂಡು ನಿಂತಿರಲಾ?"

ಇದು ಇಪ್ಪತ್ತರಲ್ಲಿ ಇರಲಿಲ್ಲ. ಅಲ್ಲದೆ ಫೋನ್ ಎಂದರೆ ಅವನಿಗೆ ಮೊದಲಿನಿಂದಲೂ ಹೆದರಿಕೆ. ತಲೆ ತಗ್ಗಿಸಿ ಯೋಚಿಸಿದ. ಪ್ರಶ್ನೆ ನ್ಯಾಯವಾದದ್ದೇ. ಆಮೇಲೆ ಬೆರಳಿನ ಗೆಣ್ಣಿನಿಂದ ಮೇಜಿನ ಮೇಲೆ ಎರಡು ಸಲ ತಟ್ಟಿದ.

"ನಾನು ಮಾತಾಡೋದು ಬೇಡ ಸಿಸ್ಟರ್, ಕೇಳಿಸ್ಕೊಂಡ್ರೆ ಸಾಕು. ನೀವು ವಾ... ವಾರ್ಡ್ ಹೇಳಿ, ಯಂತ್ರ ಹೇಳಿ. ನಾನು ಫೋನ್ ಮೇಲೆ ಹೀಗೆ ತಟ್ತೀನಿ. ತಟ್ಟಿದ್ದು ಕೇಳಿಸ್ತು ಅಂದ್ರೆ ಹೊ... ಹೊರಟೆ ಅಂತ."

ನರ್ಸ್ ಇಂಜಿನಿಯರ್ ಕಡೆ ತಿರುಗಿದರು. "ಈಗ ರಿಪೇರಿಗಿರೋ ನಿಮ್ಮವರು ಬಂದೆ ಬಂದೆ ಅಂತ ಐದು ನಿಮಿಷ ಮಾತಾಡ್ತಾರೆ. ಬರೋದು ಅರ್ಧ ಗಂಟೆ ಆದ್ಮೇಲೆ."

ಹೊರಗಿನ ಬೆಂಚಿನ ಮೇಲೆ ಅವನನ್ನು ಮುಕ್ಕಾಲು ಗಂಟೆ ಕೂರಿಸಿದರು. ಮೂರನೆಯ ಸಲ ಬಾಗಿಲು ತೆರೆದಾಗ ಅಧಿಕಾರಿ ಹೊರಬಂದು ಒಂದೇ ಮಾತಿನಲ್ಲಿ ಫಲಿತಾಂಶ ಹೇಳಿ, ಕೈಕುಲುಕಿ ಹೋದರು.

ಅವನು ಸೀದಾ ಔಷಧಿ ಅಂಗಡಿಗೆ ನಡೆದ. ಕೌಂಟರಿನ ಮುಂದೆ ಐದಾರು ಜನರ ಸರದಿ. ಹೆಂಡತಿ ಅವನನ್ನು ಕಂಡು ಕೈಯಲ್ಲಿದ್ದ ಮಾತ್ರೆಯ ಪಟ್ಟಿಯನ್ನು ಹಾಗೇ ಹಿಡಿದುಕೊಂಡು, "ಇಂಟರ್‌ವ್ಯೂ ಏನಾಯ್ತ್ರೀ?" ಎಂದಳು.

"ಸೋ..." ಎಂದ ಅವನು. ಮುಂದಿನದು ಬರಲಿಲ್ಲ. "ಸೋ... ಸೋ..."

ಸರದಿಯಲ್ಲಿದ್ದ ಒಬ್ಬ ಅಜ್ಜಿ ಲೊಚಗುಟ್ಟಿದರು. "ಸೋತು ಬಂದ್ಯಾ? ಪಾಪ, ಹೋಗಲಿ ಬಿಡಪ್ಪ, ಇನ್ನೊಂದು ಸಿಗತ್ತೆ."

ಹೆಂಡತಿ ಅಜ್ಜಿಯ ಕಡೆ ಸುಮ್ಮನಿರಿ ಎಂಬಂತೆ ಅಂಗೈ ತೋರಿಸಿದಳು. ಅವಳ ಕಣ್ಣು ಗಂಡನ ಮುಖದಿಂದ ಕದಲಲಿಲ್ಲ.

"ಸೋಮವಾರದಿಂದ ಬನ್ನಿ ಅಂದ್ರು."

"ಅಯ್ಯೋ, ಅದನ್ನ ಮೊದಲೇ ಹೇಳಬಾರದಾ" ಎಂದರು ಅಜ್ಜಿ. "ಬಿ.ಪಿ. ಮಾತ್ರೆಗೆ ಬಂದವಳ ಬಿ.ಪಿ. ಏರಿಸಿಬಿಟ್ಟೆಯಲ್ಲಪ್ಪ."

ಹೆಂಡತಿ ಪೆಟ್ಟಿಗೆಗಳ ರಾಶಿಯ ಹಿಂದೆ ಹೋಗಿ ಬಂದಳು. ಬಂದಾಗ ಮೂಗು ಕೆಂಪಾಗಿತ್ತು. ಕೌಂಟರಿನ ಪಕ್ಕದ ಹಲಗೆ ಎತ್ತಿ ಅವನನ್ನು ಒಳಗೆ ಕರೆದು, ಸ್ಟೂಲು ಎಳೆದುಕೊಟ್ಟಳು. ಅವನು ಬೂಟಿನ ದಾರ ಸಡಿಲಿಸಿ, ಒಂದು ಬಾಟಲಿ ನೀರನ್ನು ಒಂದೇ ಉಸಿರಿಗೆ ಕುಡಿದ.

"ಏನೇನು ಕೇಳಿದ್ರು?" ಎಂದರು ಅಜ್ಜಿ. ತಮ್ಮ ಮಾತ್ರೆ ಸಿಕ್ಕಿದ್ದರೂ ಅವರು ಹೊರಟಿರಲಿಲ್ಲ.

ಮೆಕ್ಯಾನಿಕ್ ಕಾಲು ಚಾಚಿಕೊಂಡು, ಬಾಗಿಲು ತೆರೆದು ಒಳಗೆ ಹೋದಲ್ಲಿಂದ ಎಲ್ಲವನ್ನೂ ಹೇಳತೊಡಗಿದ. ಒಂದೊಂದು ಮಾತಿಗೂ ಅದಕ್ಕೆ ಬೇಕಾದಷ್ಟು ಹೊತ್ತು ಹಿಡಿಯಿತು. ಸರದಿಯಲ್ಲಿದ್ದವರು ಕಾದು ಕೇಳಿಸಿಕೊಂಡರು.